ಸಾವಂತ್ರೆವ್ವ ಕದಲಿಸಿದ ಮನೆ

ಯಾವ ಕಾಲದ ಮಾತು ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಸೂಡಿಕೊಪ್ಪ ಅನ್ನೋ ಒಂದೂರಿನಲ್ಲಿ ಬಡಿಗೇರ ಮೋನಪ್ಪ ಅಂತ ಒಬ್ಬನಿದ್ದ. ಅವನ ಹೆಂಡತಿ ಸಾವಂತ್ರೆವ್ವ. ಊರವರ ನೇಗಿಲು, ಕುಂಟೆ, ಬಂಡಿಗಾಲಿ ಮಾಡಿಕೊಂಡು ಸುಮ್ಮನಿರಬೇಕಾದ ಮನುಷ್ಯ, ಆದರೆ ಇದ್ದದ್ದು ಇದ್ದ ಹಾಗೇ ಇದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ ಅಂತಾರೆ.

ಮೆಟ್ಟಿಲು ತುಳಿದರೆ ತಾನೇ ತೆರೆಯುವ ಬಾಗಿಲು ಮಾಡಿದ ಅಂತಾರೆ. ಅದು ಬೀಗರಿಗೂ ತೆರೆಯಿತು, ಪಕ್ಕದ ಮನೆಯ ಎಮ್ಮೆಗೂ ತೆರೆಯಿತು. ಕಾಳು ತೂರುವ ಗಾಳಿಚಕ್ರ ಮಾಡಿದ ಅಂತಾರೆ. ಅದು ಹೊಟ್ಟಿನ ಜೊತೆಗೆ ಕುಲಕರ್ಣಿಯ ರುಮಾಲನ್ನೂ ಹಾರಿಸಿತು. ರುಮಾಲು ಬಿದ್ದದ್ದು ಹಳ್ಳದ ಆಚೆ ಅಂತ ಕೆಲವರು, ಮೂರು ಊರು ದಾಟಿ ಅಂತ ಕೆಲವರು. ರೊಟ್ಟಿ ಬಡಿಯುವ ಯಂತ್ರವನ್ನೂ ಮಾಡಿದ. ಮೊದಲ ರೊಟ್ಟಿ ಹಾರಿಹೋಗಿ ಮೇಲಿನ ಜಂತಿಗೆ ಅಂಟಿತು. ಸಾವಂತ್ರೆವ್ವ ಕತ್ತೆತ್ತಿ ನೋಡಿ, ದುಂಡಗೇನೋ ಆಗಿದೆ ಅಂದಳಂತೆ.

ಆದರೆ ಬಾವಿಯ ರಾಟೆ ಹಾಗಲ್ಲ. ಸೂಡಿಕೊಪ್ಪದ ಬಾವಿ ಇಣುಕಿದರೆ ತಲೆ ತಿರುಗುವಷ್ಟು ಆಳ. ಒಂದು ಕೊಡ ಸೇದಲು ಇಬ್ಬರು ಗಟ್ಟಿ ಹೆಂಗಸರು ಬೇಕು. ಮೋನಪ್ಪ ಹಲ್ಲಿನ ಗಾಲಿಗಳನ್ನು ಒಂದಕ್ಕೊಂದು ಕೂಡಿಸಿ, ಕೂತಲ್ಲೇ ಕಾಲಿನಿಂದ ತುಳಿದರೆ ಕೊಡ ಮೇಲೆ ಬರುವ ಹಾಗೆ ಮಾಡಿದ. ಬಸುರಿಯೂ ಸೇದಿದಳು, ಮುದುಕಿಯೂ ಸೇದಿದಳು. ಆವತ್ತಿನಿಂದ ಊರ ಹೆಂಗಸರ ಬಾಯಲ್ಲಿ ಅವನು ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ ಅಂತಾರೆ.

ಮನೆಯಲ್ಲಿ ಮಾತ್ರ ಸಾವಂತ್ರೆವ್ವನಿಗೆ ನಲವತ್ತು ವರ್ಷ ನೆಮ್ಮದಿ ಇರಲಿಲ್ಲ. ಬೆಳಿಗ್ಗೆ ಇಟ್ಟ ಸೌಟು ಮಧ್ಯಾಹ್ನ ಯಾವುದೋ ಯಂತ್ರದ ಕೈಯಾಗಿರುತ್ತಿತ್ತು. ಅವಳು ಬೈದಳು, ಅವನು ನಕ್ಕ. ಹೀಗೇ ನಡೆಯಿತು.

ಆಮೇಲೆ ಮೋನಪ್ಪ ತೀರಿಕೊಂಡ. ಹಾರುವ ಬಂಡಿ ಕಟ್ಟಿ ಮಾಳಿಗೆಯಿಂದ ಹಾರಿ ಹೋದ ಅಂತಾರೆ. ನಾಲ್ಕು ದಿನ ಜ್ವರ ಬಂದು ಹೋದ ಅಂತ ಸಾವಂತ್ರೆವ್ವ ಸಾಯುವತನಕ ಹೇಳಿದಳು, ಅವಳ ಮಾತನ್ನು ಯಾರೂ ನಂಬಲಿಲ್ಲ.

ಸುದ್ದಿ ಕೇಳಿ ಆ ಸೀಮೆಯ ದೇಸಾಯರು ಬಂದರು. ಮನೆಯನ್ನೆಲ್ಲ ನೋಡಿ, ಮೂಗಿನ ಮೇಲೆ ಬೆರಳಿಟ್ಟರು. ಇಂಥವನ ಮನೆಯನ್ನು ಮುಂದಿನವರು ನೋಡಬೇಕು, ಅವನು ಬಿಟ್ಟುಹೋದ ಹಾಗೇ ಇರಬೇಕು, ಒಂದು ಕಡ್ಡಿ ಅಲುಗಬಾರದು ಅಂತ ಅಪ್ಪಣೆ ಮಾಡಿ, ತಮ್ಮ ವಾಡೆಯ ಆಳು ಬರಮಪ್ಪನನ್ನು ಕಾವಲಿಗೆ ಬಿಟ್ಟರು. ಬರಮಪ್ಪ ಬಹಳ ನಿಯತ್ತಿನ ಮನುಷ್ಯ. ಅದೇ ಕಷ್ಟಕ್ಕೆ ಬಂತು.

ಮೋನಪ್ಪ ಬಿಟ್ಟುಹೋದ ಹಾಗೆ ಅಂದರೆ ಹೇಗಿತ್ತು? ಮಂಚ ಕಾಲು ಮೇಲಾಗಿ ಬಿದ್ದಿತ್ತು, ಅದಕ್ಕೆ ಗಾಲಿ ಹಚ್ಚುವವನಿದ್ದ. ಒಲೆಯ ಮೇಲೆ ರೊಟ್ಟಿ ಯಂತ್ರ ಕೂತಿತ್ತು. ಬೀಸುವ ಕಲ್ಲು ನಡುಮನೆಯ ಬಾಗಿಲಿಗೆ ಅಡ್ಡವಿತ್ತು. ಬಿಸಿಲನ್ನು ಒಳಗೆ ತರುತ್ತೇನೆ ಅಂತ ಮಾಳಿಗೆಗೆ ಕೊರೆದ ತೂತು ಹಾಗೇ ಇತ್ತು. ಸಾವಂತ್ರೆವ್ವ ನೆಲದ ಮೇಲೆ ಮಲಗಿದಳು. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿದಳು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸೀರೆ ಎತ್ತಿ ಬೀಸುವ ಕಲ್ಲು ದಾಟಿದಳು. ಮಳೆ ಬಂದಾಗ ತೂತಿನ ಕೆಳಗೆ ಒಂದು ಬೋಗುಣಿ ಇಟ್ಟಳು. ಬರಮಪ್ಪ ಅದನ್ನೆತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟುಬಂದ.

“ಸೋರಾಕತ್ತೈತಲ್ಲೋ ತಮ್ಮಾ” ಅಂದಳು ಸಾವಂತ್ರೆವ್ವ.

“ಸೋರೂದು ಅವರು ಬಿಟ್ಟುಹೋದಂಗ ಐತಿ ಯವ್ವಾ. ಬೋಗಾಣಿ ಇಲ್ಲಿರಲಿಲ್ಲ” ಅಂದ ಬರಮಪ್ಪ.

ಸುತ್ತಲಿನ ಊರುಗಳಿಂದ ಜನ ಬರತೊಡಗಿದರು. ಒಂದು ದಿನ ಪರ ಊರಿನ ಹೆಂಗಸೊಬ್ಬಳು, ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಸಾವಂತ್ರೆವ್ವನನ್ನು ತೋರಿಸಿ ಇವರು ಯಾರು ಅಂತ ಕೇಳಿದಳು.

“ಅವರೂ ಮೊದಲಿಂದ ಇಲ್ಲೇ ಇದ್ದವರ ರೀ. ಮುಟ್ಟಬ್ಯಾಡ್ರಿ” ಅಂದ ಬರಮಪ್ಪ.

ಆ ದಿನ ಸಾವಂತ್ರೆವ್ವ ಉಣ್ಣಲಿಲ್ಲ. ಸಿಟ್ಟಿಗೆ ಉಣ್ಣಲಿಲ್ಲ ಅಂತಾರೆ. ಸಿಟ್ಟಲ್ಲ, ಅವಳಿಗೆ ಹೆದರಿಕೆಯಾಗಿತ್ತು. ಗಂಡ ಸತ್ತ ದಿನ ಕೂಡ ಮನೆ ಇಷ್ಟು ಸತ್ತಿರಲಿಲ್ಲ ಅನಿಸಿತ್ತು. ಇನ್ನೊಂದು ವರ್ಷ ಹೀಗೇ ಕೂತರೆ ತನ್ನ ಮೇಲೂ ದೂಳು ಕೂರುತ್ತದೆ, ಬರಮಪ್ಪ ಅದನ್ನೂ ಒರೆಸಲು ಬಿಡುವುದಿಲ್ಲ ಅನಿಸಿತ್ತು.

ಮೋನಪ್ಪ ಹೋಗಿ ವರುಷ ತುಂಬಿದಾಗ ದೇಸಾಯರು ತಮ್ಮ ಬೀಗರನ್ನು ಕರಕೊಂಡು ಮನೆ ತೋರಿಸಲು ಬಂದರು. ನೋಡಿ, ಎಲ್ಲ ಮೋನಪ್ಪ ಬಿಟ್ಟುಹೋದ ಹಾಗೇ ಇದೆ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಸಾವಂತ್ರೆವ್ವ ಸೆರಗು ಹೊದ್ದುಕೊಂಡು ಎದ್ದುನಿಂತಳು.

“ಧಣ್ಯಾರ, ಒಂದು ಮಾತು ಕೇಳ್ಲೇನ್ರಿ?”

“ಕೇಳವಾ.”

“ಇದು ಯಾರ ಮನಿ ರೀ?”

“ಇದೆಂಥಾ ಮಾತು? ನಿನ್ನ ಗಂಡಂದು.”

“ನನ್ನ ಗಂಡನ ಮನ್ಯಾಗ ಒಂದು ಸಾಮಾನು ಎರಡು ದಿವಸ ಒಂದ ಜಾಗಾದಾಗ ಇದ್ದದ್ದು ನಾ ಕಂಡಿಲ್ರಿ. ನಾ ನೀರು ತರೂದ್ರಾಗ ಬಾಗಿಲಾ ಬ್ಯಾರೆ ಗ್ವಾಡಿಗೆ ಹೋಗಿರತಿತ್ತು. ಈಗ ವರ್ಷ ಆತು, ಒಂದೂ ಅಳ್ಳಾಡಿಲ್ಲ. ಅಂವ ಒಮ್ಮೆ ಹೊಳ್ಳಿ ಬಂದ್ನಂದ್ರ ಇದು ನನ್ನ ಮನಿ ಅಲ್ಲ ಅಂತ ಮುಂದ ಹೋಗ್ತಾನ್ರಿ.” ಅಲ್ಲಿಗೆ ಅವಳ ದನಿ ಸಣ್ಣದಾಯಿತು. “ಹೋಗಬಾರದಲ್ರಿ.”

ದೇಸಾಯರು ಕಾಲು ಮೇಲಾದ ಮಂಚವನ್ನೂ ಮಾಳಿಗೆಯ ತೂತನ್ನೂ ಇನ್ನೊಮ್ಮೆ ನೋಡಿದರು. ಬೀಗರು ಶಲ್ಯದ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆದರು. ಕಡೆಗೆ ದೇಸಾಯರು, ಮತ್ತೆ ಏನು ಮಾಡೋಣ ಅಂತ ಕೇಳಿದರು.

“ಆ ತುದಿ ಹಿಡೀರಿ” ಅಂದಳು ಸಾವಂತ್ರೆವ್ವ, ಮಂಚ ತೋರಿಸಿ.

ದೇಸಾಯರು ಹಿಡಿದರು. ಅವರ ವಂಶದಲ್ಲಿ ಎಲೆಯಡಿಕೆ ತಟ್ಟೆಗಿಂತ ಭಾರವಾದದ್ದನ್ನು ಎತ್ತಿದವರು ಅವರೊಬ್ಬರೇ ಅಂತಾರೆ. ಮಂಚ ನೆಟ್ಟಗಾಯಿತು. ಬೀಸುವ ಕಲ್ಲನ್ನು ಬೀಗರು ಉರುಳಿಸಿದರು. ರೊಟ್ಟಿ ಯಂತ್ರ ಒಲೆಯಿಂದ ಇಳಿಯಿತು. ಬರಮಪ್ಪ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ಹೊರಡುವಾಗ ದೇಸಾಯರು ಅವನಿಗೆ ಹೊಸ ಅಪ್ಪಣೆ ಕೊಟ್ಟರು: ಈ ಮನೆಯಲ್ಲಿ ಏನೂ ಇದ್ದಲ್ಲಿ ಇರಬಾರದು.

ಪಾಪ, ಬರಮಪ್ಪನಿಗೆ ಆಮೇಲೆ ಪುರುಸೊತ್ತೇ ಸಿಗಲಿಲ್ಲ ಅಂತಾರೆ. ಏನೂ ತೋಚದ ದಿನ ಕಸಬರಿಗೆಯನ್ನು ಈ ಮೂಲೆಯಿಂದ ಆ ಮೂಲೆಗೆ ಒಯ್ದಿಟ್ಟು, “ಇವತ್ತಿಂದು ಆತ್ರಿ ಯವ್ವಾ” ಅಂತ ಕೂಗಿ ಹೇಳುತ್ತಿದ್ದನಂತೆ.

ಸಾವಂತ್ರೆವ್ವ ಆ ದಿನವೇ ತನ್ನ ಒಲೆ ಹಚ್ಚಿದಳು. ಬೇಕಾದ ಇಕ್ಕಳ ಸಿಗಲಿಲ್ಲ. ಎಲ್ಲಿಟ್ಟು ಸತ್ತೆಯೋ ಮಾರಾಯ ಅಂತ ಗಂಡನನ್ನು ಜೋರಾಗಿ ಬೈದಳು. ವರ್ಷದ ಮೇಲೆ ಮೊದಲ ಸಲ ಬೈದದ್ದು. ಬೈದು, ಅಲ್ಲೇ ಕೂತು ಅತ್ತು, ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡಳು ಅಂತಾರೆ.

ಅವಳೂ ಹೋಗಿ ಎಷ್ಟೋ ಕಾಲವಾಯಿತು. ಮನೆ ಇನ್ನೂ ಇದೆ, ನೋಡಲು ಜನ ಈಗಲೂ ಹೋಗುತ್ತಾರೆ. ಒಳಗೆ ಹೋದವರು ಏನಾದರೊಂದನ್ನು ಇದ್ದಲ್ಲಿಂದ ಬೇರೆ ಕಡೆ ಇಟ್ಟೇ ಹೊರಗೆ ಬರಬೇಕು. ಸೂಡಿಕೊಪ್ಪದ ಸುತ್ತಲ ಊರುಗಳಲ್ಲಿ ಇನ್ನೊಂದು ಪದ್ಧತಿಯೂ ಉಳಿದಿದೆ. ಹೊಸ ಸೊಸೆ ಮನೆ ತುಂಬಿದ ದಿನ, ಅಡಿಗೆಮನೆಗೆ ಹೋಗಿ ತನಗೆ ಬೇಕಾದ ಒಂದು ಸಾಮಾನನ್ನು ತನಗೆ ಬೇಕಾದ ಕಡೆ ಇಡುತ್ತಾಳೆ. ಸಾವಂತ್ರೆವ್ವನ ಹೆಸರು ಹೇಳಿ ಇಡುತ್ತಾಳೆ. ಅತ್ತೆಯಾದವಳು ಅದನ್ನು ಮತ್ತೆ ಮುಟ್ಟುವ ಹಾಗಿಲ್ಲ. ಎಷ್ಟೋ ಅತ್ತೆಯರು ಸೆರಗಿನೊಳಗೆ ಕೈ ಕಟ್ಟಿಕೊಂಡು, ಆ ಸಾಮಾನನ್ನೇ ನೋಡುತ್ತ ದಿನವಿಡೀ ಕೂತಿರುತ್ತಾರೆ.