ಎಲ್ಲ ಕೊರಳಿಗೂ ಒಂದೇ ದನಿ

"ಬುದ್ಧಿ, ಮಾಡುವ ಕೆಲಸವನ್ನು ಕಡಲಾಚೆಯವರಿಗೆ ಒಪ್ಪಿಸಿದರೆ ತಪ್ಪೇನು?"

ಕೇಳಿದವನು ಪಂಚಾಕ್ಷರಿ. ಹಿಟ್ಟು ರುಬ್ಬುವ ಯಂತ್ರಗಳನ್ನು ಮಾಡುವ ಕಂಪನಿ ಅವನದು. ಅಪ್ಪ ಕಟ್ಟಿದ್ದು, ಮಗ ಬೆಳೆಸಿದ್ದು. ಹೊರದೇಶದ ಕಾರ್ಖಾನೆಯೊಂದು ಅದೇ ಯಂತ್ರವನ್ನು ಅರ್ಧ ಖರ್ಚಿನಲ್ಲಿ ಮಾಡಿಕೊಡಲು ಮುಂದೆ ಬಂದಿತ್ತು. ಇಲ್ಲಿಯ ಕೆಲಸಗಾರರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ತಕ್ಕ ಪರಿಹಾರ ಕೊಡೋಣ ಎಂದು ಪಾಲುದಾರರೂ ಒಪ್ಪಿದ್ದರು. ಪಂಚಾಕ್ಷರಿ ಸಹಿ ಹಾಕುವುದೊಂದು ಬಾಕಿ. ಅದಕ್ಕೆ ಮೊದಲು ಮಠಕ್ಕೆ ಬಂದು ಗುರುಗಳ ಮುಂದೆ ಕೂತಿದ್ದ.

"ಮಾದರಿಗೆ ಒಂದು ಯಂತ್ರ ಕಳಿಸಿ ಅಂದಿದ್ದಾರೆ ಬುದ್ಧಿ. ನಮ್ಮಪ್ಪ ಮೊಟ್ಟಮೊದಲು ಮಾಡಿದ್ದನ್ನೇ ಕಳಿಸ್ತಾ ಇದ್ದೀನಿ. ಅಮ್ಮನ ಕೈ ನೋಯುತ್ತೆ ಅಂತ ಮಾಡಿದ್ದು ಅದು. ಅದರಲ್ಲಿ ಬರೋ ಹಿಟ್ಟು ಇನ್ಯಾವುದರಲ್ಲೂ ಬರಲ್ಲ. ಬೆಳಿಗ್ಗೆ ಅಡುಗೆಮನೆಯಿಂದ ತೆಗೆಸಿ ಕಾರಲ್ಲಿ ಇಡಿಸಿದೆ. ನಮ್ಮನೆಯವಳು, ಇದು ವಾಪಸ್ ಯಾವಾಗ ಬರುತ್ತೆ ಅಂದಳು. ಇದು ಬರದಿದ್ದರೇನು, ಇಂಥವೇ ಸಾವಿರ ಬರ್ತವೆ ಬಿಡು ಅಂದೆ."

ಗುರುಗಳು ನಕ್ಕರು. "ಇದೇ ಉತ್ತರ ಕೊಟ್ಟವನು ಇನ್ನೊಬ್ಬನಿದ್ದ, ಕೇಳು" ಎಂದು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿ ಇದ್ದ. ದನಗಳ ಕೊರಳಿಗೆ ಕಟ್ಟುವ ಕಂಚಿನ ಗಂಟೆಗಳನ್ನು ಮಾರುತ್ತಿದ್ದ. ಅವನ ಅಂಗಡಿಯ ಹಿಂದಿನ ಬೀದಿಯಲ್ಲಿ ಎರಕ ಹೊಯ್ಯುವವರ ಮನೆಗಳು. ಗಂಟೆ ಬೇಕೆಂದು ಬಂದವರನ್ನು ಎರಕದವನು ಮೊದಲು ಕೇಳುತ್ತಿದ್ದುದು ಗಾತ್ರವನ್ನಲ್ಲ. ನಿಮ್ಮ ಹಸು ಮೇಯುವ ಗುಡ್ಡದಲ್ಲಿ ಇನ್ನು ಯಾರ ಯಾರ ಹಸುಗಳು ಮೇಯುತ್ತವೆ ಎಂದು ಕೇಳುತ್ತಿದ್ದ. ಒಂದು ಗುಡ್ಡದಲ್ಲಿ ಆಗಲೇ ಇರುವ ದನಿಯನ್ನು ಅದೇ ಗುಡ್ಡದ ಮತ್ತೊಂದು ಕೊರಳಿಗೆ ಕೊಡುವುದಿಲ್ಲ ಎಂಬುದು ಆ ಬೀದಿಯ ಕಟ್ಟುಪಾಡು.

ಎರಕದವನು ಹೊಸ ಗಂಟೆಯ ಅಂಚನ್ನು ಅರದಿಂದ ಉಜ್ಜಿ, ಬಡಿದು, ಮತ್ತೆ ಉಜ್ಜುತ್ತಿದ್ದ. ಬೀದಿಯವರೆಲ್ಲ ಹೊಸ್ತಿಲಿಗೆ ಬಂದು ಕಿವಿಗೊಡುತ್ತಿದ್ದರು. ಇದು ಗಾಣದವರ ಮನೆಯ ಹಸುವಿನ ಹಾಗೆ ಕೇಳುತ್ತದೆ ಎಂದು ಯಾರಾದರೂ ಕೂಗಿದರೆ ಸಾಕು, ಅರ ಮತ್ತೆ ಕೈಗೆ ಬರುತ್ತಿತ್ತು. ಒಂದೇ ಒಂದು ಗಂಟೆಗೆ ಇಡೀ ದಿನ ಹೋದದ್ದುಂಟು. ಗಿರಾಕಿಗಳು ಸಾಲುಗಟ್ಟಿ ಕಾಯುತ್ತಿದ್ದರು, ವ್ಯಾಪಾರಿ ಅಂಗಡಿಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದ.

ಅವನ ಮನೆಯಲ್ಲೂ ಒಂದು ಹಸುವಿತ್ತು. ಅದರ ಕೊರಳಿನ ಗಂಟೆ ಅವನ ತಾಯಿ ಮದುವೆಯಾಗಿ ಬಂದ ವರ್ಷ ಹೊಯ್ಸಿದ್ದು. ಹಸು ಮುದಿಯಾಗಿ ಸತ್ತರೆ ಗಂಟೆ ಅದರ ಮಗಳ ಕೊರಳಿಗೆ, ಆಮೇಲೆ ಮೊಮ್ಮಗಳ ಕೊರಳಿಗೆ ಹೋಗುತ್ತಿತ್ತು. ಸಂಜೆ ಆ ದನಿ ಗುಡ್ಡ ಇಳಿಯತೊಡಗಿದರೆ ತಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ತಾಯಿ ತೀರಿಕೊಂಡ ಮೇಲೂ ಆ ದನಿ ಕೇಳಿದಾಗ ಮನೆಯೊಳಗೆ ಯಾರೋ ಎದ್ದಂತೆ ಅವನಿಗೆ ಅನ್ನಿಸುತ್ತಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ಎಂಥ ಗಿರಾಕಿ ಬಂದಿದ್ದರೂ ಅಂಗಡಿ ಬಿಟ್ಟು ಬಂದು ಮನೆಯ ಜಗಲಿಯ ಮೇಲೆ ಕೂರುತ್ತಿದ್ದ.

ಒಮ್ಮೆ ಒಬ್ಬ ಹಡಗಿನ ವರ್ತಕ ಅಂಗಡಿಗೆ ಬಂದ. ಕಡಲಾಚೆಯ ಊರಿನಲ್ಲಿ ದೊಡ್ಡ ದೊಡ್ಡ ಕುಲುಮೆಗಳಿವೆ, ನಿನ್ನಲ್ಲಿರುವ ಗಂಟೆಗಳಲ್ಲಿ ಅತ್ಯುತ್ತಮವಾದುದನ್ನು ಕೊಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಬೇಕಾದಷ್ಟು ಹೊಯ್ಸಿ ತರುತ್ತೇನೆ ಎಂದ. ವ್ಯಾಪಾರಿ ಅಂಗಡಿಯ ಗಂಟೆಗಳನ್ನೆಲ್ಲ ಬಡಿದು ನೋಡಿದ. ಯಾವುದೂ ಮನಸ್ಸಿಗೆ ಬರಲಿಲ್ಲ. ಕೊಡುವುದಾದರೆ ಒಳ್ಳೆಯದನ್ನೇ ಕೊಡಬೇಕು, ನಾಡಿಗೆಲ್ಲ ಇಂಪಾದ ದನಿ ಸಿಗಲಿ ಎಂದುಕೊಂಡು ಮನೆಗೆ ಹೋಗಿ ತನ್ನ ಹಸುವಿನ ಗಂಟೆಯನ್ನೇ ಬಿಚ್ಚಿದ. ಅವನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಅದನ್ನು ಒಪ್ಪಬೇಕು. ಹೆಂಡತಿ, ಅತ್ತೆಯ ಕಾಲದ್ದನ್ನು ಯಾಕೆ ಬಿಚ್ಚುತ್ತೀರಿ ಎಂದಳು. ಇಂಥವೇ ಸಾವಿರ ಬರುತ್ತವೆ ಎಂದು ಅವನು ಹೊರಟುಬಿಟ್ಟ.

ಕಡಲಾಚೆಯವರು ಮೋಸ ಮಾಡಲಿಲ್ಲ. ಹಡಗು ಮರಳಿದಾಗ ಹುಲ್ಲಿನಲ್ಲಿ ಸುತ್ತಿದ ಗಂಟೆಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಇಳಿದವು. ಮಾದರಿ ಮಾತ್ರ ಮರಳಲಿಲ್ಲ. ಅದನ್ನು ಅಲ್ಲಿ ಕೊಯ್ದು ನೋಡಿದ್ದರು. ವ್ಯಾಪಾರಿ ಹೊಸದೊಂದನ್ನು ತೆಗೆದು ತನ್ನ ಹಸುವಿಗೆ ಕಟ್ಟಿದ. ಹಸು ತಲೆ ಕೊಡವಿತು. ಅದೇ ದನಿ. ಅವನಿಗೆ ಹೇಳಲಾಗದಷ್ಟು ಸಂತೋಷವಾಯಿತು. ಬೆಲೆ ಕಡಿಮೆ, ಕಾಯುವ ಗೋಜಿಲ್ಲ. ವರ್ಷ ಕಳೆಯುವುದರೊಳಗೆ ಸುತ್ತಲಿನ ಊರುಗಳ ದನಗಳೆಲ್ಲ ಅವನ ಗಂಟೆಗಳನ್ನೇ ಕಟ್ಟಿಕೊಂಡು ಗುಡ್ಡ ಹತ್ತಿದವು. ಎರಕದವರಿಗೆ ಅವನು ಧಾರಾಳವಾಗಿಯೇ ಹಣ ಕೊಟ್ಟು ಕಳಿಸಿದ. ಕೆಲವರು ಪಾತ್ರೆ ಮಾಡುವ ಊರುಗಳಿಗೆ ಹೋದರು, ಕೆಲವರು ಎಲ್ಲಿಗೆ ಹೋದರೋ ಗೊತ್ತಾಗಲಿಲ್ಲ.

ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ತಿರುವಿನಲ್ಲಿ ಗಂಟೆ ಕೇಳಿತು. ವ್ಯಾಪಾರಿ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲು ತೆರೆದ. ಬೇರೆಯವರ ಎಮ್ಮೆ ದಾಟಿ ಹೋಯಿತು. ಗಂಡ ಹೆಂಡತಿ ಇಬ್ಬರೂ ನಕ್ಕರು. ಮರುದಿನವೂ ಹಾಗೇ ಆಯಿತು. ಆಮೇಲೆ ಹೆಂಡತಿ ಹೊರಗೆ ಬರುವುದನ್ನು ಬಿಟ್ಟಳು. ಅವನು ಮಾತ್ರ ಪ್ರತಿಯೊಂದು ಗಂಟೆಗೂ ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಒಂದು ದನಿಗಾಗಿ ದಿನವಿಡೀ ಕಾದು ಕೂತಿರುತ್ತಿದ್ದ ಮನುಷ್ಯ ಅವನು. ಈಗ ಅದು ಬೆಳಗಿನಿಂದ ಸಂಜೆಯವರೆಗೆ ಬೀದಿಯಲ್ಲೇ ಓಡಾಡುತ್ತಿತ್ತು. ಅವನಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

ಅವನ ಹಸು ಗಬ್ಬವಾಗಿತ್ತು. ದಿನ ತುಂಬಿದ ಹಸು ಕೆಲವೊಮ್ಮೆ ಮಂದೆ ಬಿಟ್ಟು ಮರೆಗೆ ಹೋಗಿ ಈಯುತ್ತದೆ. ಒಂದು ದಿನ ಅದು ಮನೆಗೆ ಬರಲಿಲ್ಲ. ಮೊದಲಾಗಿದ್ದರೆ ಊರ ಗಡಿಯಲ್ಲಿ ನಿಂತು ಕಿವಿಗೊಟ್ಟರೆ ಸಾಕಿತ್ತು, ನಿಮ್ಮ ಹಸು ಆ ಇಳಿಜಾರಿನಲ್ಲಿದೆ ಎಂದು ಯಾರು ಬೇಕಾದರೂ ಕೈ ತೋರಿಸುತ್ತಿದ್ದರು. ಈಗ ವ್ಯಾಪಾರಿ ಒಬ್ಬನೇ ಗುಡ್ಡ ಹತ್ತಿದ. ಎಡಕ್ಕೆ ಗಂಟೆ ಕೇಳಿತು, ಹೋದರೆ ಬೇರೆಯವರ ಕೆಂದಹಸು. ಮೇಲೆ ಕೇಳಿತು, ಅಲ್ಲಿದ್ದದ್ದು ಒಂದು ಮುದಿ ಎತ್ತು. ಎಲ್ಲ ಕಡೆಯಿಂದಲೂ ಅವನ ತಾಯಿಯ ಕಾಲದ ದನಿ ಕರೆಯುತ್ತಿತ್ತು. ಹೊತ್ತು ಇಳಿಯುವವರೆಗೂ ದನಿಯಿಂದ ದನಿಗೆ ಓಡಿ ಕಾಲು ಸೋತವು. ಕೊನೆಗೆ ಕೆಳಗಿನ ಕೊರಕಲಿನಿಂದ ಒಂದು ಗಂಟೆ ನಿಂತು ನಿಂತು ಬಡಿಯಿತು. ಅವನು ಕೇಳಿಸಿಕೊಂಡ. ಇದೂ ಯಾರದೋ ಇರಬೇಕು ಎಂದುಕೊಂಡು ಮನೆಗೆ ಹಿಂತಿರುಗಿದ.

ಬೆಳಗಾದ ಮೇಲೆ ಸೌದೆಗೆ ಹೋದವರು ಬಂದು ಕರೆದರು. ಹಸು ಆ ಕೊರಕಲಿನಲ್ಲಿ ಕಾಲು ಸಿಕ್ಕಿಸಿಕೊಂಡು ಈದು ಸತ್ತಿತ್ತು. ಕರು ಬದುಕಿತ್ತು, ತಾಯಿಯ ಕೊರಳ ಬಳಿ ನಿಂತು ಮೂಸುತ್ತಿತ್ತು. ವ್ಯಾಪಾರಿ ಅಲ್ಲಿಯೇ ಕೂತು ಅತ್ತ. ದನಿ ಕೇಳಿತ್ತು, ನಾನೇ ಹೋಗಲಿಲ್ಲ ಎಂದು ಹೆಂಡತಿಗೆ ಹೇಳಿದ.

ಕರು ಬೆಳೆದು ಗುಡ್ಡಕ್ಕೆ ಹೋಗುವಷ್ಟಾಯಿತು. ಅವನು ಅದನ್ನು ಹೊಡೆದುಕೊಂಡು ಎರಕದವರ ಬೀದಿಗೆ ಹೋದ. ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಮನೆಯಲ್ಲಿ ಮಾತ್ರ ಒಬ್ಬ ಎರಕದವನು ಉಳಿದಿದ್ದ.

"ನಮ್ಮ ಮನೆಯ ಹಳೇ ದನಿ ನನಗೆ ಬೇಕಪ್ಪ" ಎಂದ ವ್ಯಾಪಾರಿ.

ಎರಕದವನು ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿದ. "ಅದನ್ನು ಹೊಯ್ಯೋದೇನು ಕಷ್ಟ ಅಲ್ಲ ಸಾವ್ಕಾರ್ರೆ. ಆದರೆ ಗುಡ್ಡದ ತುಂಬ ಅದೇ ಇದೆಯಲ್ಲ, ಯಾರ ಕೊರಳಿಂದ ಅಂತ ಬಿಚ್ಚಿಸ್ತೀರಿ? ಬೇರೆ ದನಿ ಮಾಡಿ ಕೊಡ್ತೀನಿ. ನಿಮ್ಮ ಮೊಮ್ಮಕ್ಕಳ ಕಿವಿಗೆ ಅದು ಮನೇ ದನಿ ಆಗುತ್ತೆ."

ಅವನು ಗಂಟೆ ಹೊಯ್ದು ಅಂಚು ಉಜ್ಜಿ ಬಡಿದ. ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ಯಾವ ಹೊಸ್ತಿಲಿಗೂ ಯಾರೂ ಬರಲಿಲ್ಲ. ಇಬ್ಬರೇ ಕೇಳಿ, ಇಷ್ಟು ಸಾಕೆಂದು ತಾವೇ ನಿರ್ಧರಿಸಿದರು.

ವ್ಯಾಪಾರಿ ಆಮೇಲೆಯೂ ಸಂಜೆ ಜಗಲಿಯಲ್ಲಿ ಕೂರುತ್ತಿದ್ದ. ದನಗಳು ಇಳಿದು ಬರುತ್ತಿದ್ದವು. ಗಾಣದವರ ಹಸು, ಅಗಸರ ಹಸು, ದಾರಿಹೋಕರ ಎತ್ತು, ಒಂದೊಂದರ ಕೊರಳಲ್ಲೂ ಅವನ ತಾಯಿ ಕೆಲಸ ಬಿಟ್ಟು ಏಳುತ್ತಿದ್ದ ಆ ದನಿ. ಪ್ರತಿ ಸಲವೂ ಅವನ ಎದೆ ಒಮ್ಮೆ ತುಂಬಿ ಬರಿದಾಗುತ್ತಿತ್ತು. ಎಲ್ಲ ದಾಟಿ ಹೋದ ಮೇಲೆ ಗುರುತಿಲ್ಲದ ಒಂದು ದನಿ ಬಂದು ಬಾಗಿಲ ಮುಂದೆ ನಿಲ್ಲುತ್ತಿತ್ತು. ಅದು ಅವನ ಹಸು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಪಂಚಾಕ್ಷರಿ ಕೇಳಿದ. "ಹಾಗಾದರೆ ಕಳಿಸಬೇಡ ಅಂತೀರಾ ಬುದ್ಧಿ? ಅವರು ಮಾಡೋದರಲ್ಲಿ ಒಂದು ಕುಂದೂ ಇರಲ್ಲ. ನಮ್ಮದಕ್ಕೂ ಅದಕ್ಕೂ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ."

ಗುರುಗಳು ಬಾಗಿಲಾಚೆ ನಿಂತಿದ್ದ ಕಾರಿನ ಕಡೆ ನೋಡಿದರು.

"ಅದಿರಲಿ ಮಗನೇ, ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ದೋಸೆಗೆ ಯಾವುದರಲ್ಲಿ ರುಬ್ಬುತ್ತಾರೆ?"