ವಿಚಾರಣೆಗೆ ಹೊರಟ ನೇಕಾರ

“ಗುರುಗಳೇ, ತನ್ನ ಕಷ್ಟವನ್ನು ಅಧಿಕಾರಿಗಳ ಮುಂದೆ ಹೇಳಿಕೊಳ್ಳಲು ಹೋಗುವವನು ಭಯವನ್ನು ಗೆಲ್ಲುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಗುರುಗಳು ಓಲೆಗಳನ್ನು ಕಟ್ಟಿಡುತ್ತಿದ್ದರು. ಹಾಗೆ ಹೋಗುತ್ತಿರುವವರು ಯಾರು ಎಂದು ಅವರು ವಿಚಾರಿಸಿದರು. ಯಾರೂ ಇಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ ಎಂದು ಶಿಷ್ಯ ಹೇಳಿದ. ಗುರುಗಳು ಅದನ್ನು ಮತ್ತೆ ಕೆದಕಲಿಲ್ಲ. ಕುಳಿತುಕೋ ಎಂದು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನೊಬ್ಬಳು ಜೊತೆಗಿದ್ದಳು. ಸೀರೆಯ ಅಂಚನ್ನು ನೋಡಿದರೆ ಸಾಕು, ಇದು ಅವನ ಮಗ್ಗದ್ದು ಎಂದು ಸುತ್ತಲಿನ ಊರಿನವರು ಹೇಳುತ್ತಿದ್ದರು. ಒಂದು ವರ್ಷ ಅವನಿಗೆ ಜ್ವರ ಬಂತು. ಇಪ್ಪತ್ತೊಂದು ದಿನ ಕಾಡಿ ಬಿಟ್ಟಿತು. ಹೋಗುವಾಗ ಬಲಗೈಯ ಕಸುವನ್ನೂ ಜೊತೆಗೆ ಒಯ್ದಿತು. ಆ ಕೈಗೆ ಲಾಳಿ ಹಿಡಿದದ್ದೂ ತಿಳಿಯುತ್ತಿರಲಿಲ್ಲ, ಬಿಟ್ಟದ್ದೂ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಎಲ್ಲ ದಿನವೂ ಒಂದೇ ಹಾಗಿರಲಿಲ್ಲ. ಒಳ್ಳೆಯ ದಿನ ಬಂದರೆ ಅವನು ಒಂದು ಹೊತ್ತು ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಮರುದಿನ, ಅದರ ಮರುದಿನ ಚಾಪೆ ಬಿಟ್ಟು ಏಳುತ್ತಿರಲಿಲ್ಲ.

ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ಅಂಗ ಸೋತು ಕಸುಬು ಬಿಟ್ಟವರಿಗೆ ಅರಸನ ಕಣಜದಿಂದ ತಿಂಗಳಿಗೊಮ್ಮೆ ಜೋಳ ಸಿಗುತ್ತಿತ್ತು. ನೇಕಾರನಿಗೂ ಸಿಕ್ಕಿತು. ಅದರಲ್ಲಿ ಅಕ್ಕ ತಮ್ಮ ಇಬ್ಬರ ಹೊಟ್ಟೆ ನಡೆಯುತ್ತಿತ್ತು. ಮೂರನೆಯ ವರ್ಷ ಪರೀಕ್ಷೆಗೆಂದು ಒಬ್ಬ ಸಣ್ಣ ಅಧಿಕಾರಿ ಬಂದ. ಅವನು ಬಂದದ್ದು ಒಳ್ಳೆಯ ದಿನ. ನೇಕಾರ ಜಗಲಿಯಲ್ಲಿ ಕೂತು ಎಡಗೈಯಿಂದ ನೂಲು ಸುತ್ತುತ್ತಿದ್ದ. ಅಧಿಕಾರಿ ಜಗಲಿ ಹತ್ತಲಿಲ್ಲ. ‘ದುಡಿಯಬಲ್ಲ’ ಎಂದು ಬರೆದುಕೊಂಡು ಹೋದ. ಮುಂದಿನ ತಿಂಗಳಿನಿಂದ ಜೋಳ ನಿಂತಿತು.

ಅಕ್ಕ ಒಬ್ಬ ಬರೆಯುವವನನ್ನು ಹುಡುಕಿ ಮೇಲಿನ ಅಧಿಕಾರಿಗೆ ಮನವಿ ಬರೆಸಿದಳು. ಉತ್ತರ ಬಂತು. ಆರು ವಾರ ಕಳೆದು ಇಂಥ ದಿನ ದೊಡ್ಡ ಊರಿನ ಚಾವಡಿಯಲ್ಲಿ ವಿಚಾರಣೆ. ಕಷ್ಟವುಳ್ಳವನು ತಾನೇ ಬಂದು ತನ್ನ ಬಾಯಿಂದಲೇ ಹೇಳಬೇಕು. ಬೇರೆಯವರ ಮಾತು ನಡೆಯುವುದಿಲ್ಲ. ಒಪ್ಪಿಗೆಯಾಗದಿದ್ದರೆ ಒಂದು ವರ್ಷ ಮತ್ತೆ ಕೇಳುವಂತಿಲ್ಲ.

ಆ ಓಲೆಯನ್ನು ಓದಿಸಿ ಕೇಳಿದ ದಿನದಿಂದ ನೇಕಾರನಿಗೆ ಬೇರೆ ಯೋಚನೆಯೇ ಇರಲಿಲ್ಲ. ಬೀದಿಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದ. ಚಾವಡಿಯ ಬಾಗಿಲು ಯಾವ ದಿಕ್ಕಿಗಿದೆ ಎಂದು ದಿನಕ್ಕೆ ಎರಡು ಸಲ ಅಕ್ಕನನ್ನು ಕೇಳುತ್ತಿದ್ದ. ಅವಳು ಆ ಊರನ್ನೇ ಕಂಡವಳಲ್ಲ. ಅಧಿಕಾರಿ ಹೀಗೆ ಕೇಳಿದರೆ ಹೀಗೆ ಹೇಳಬೇಕು ಎಂದು ನೇಕಾರ ಮನಸ್ಸಿನಲ್ಲೇ ಅಂದುಕೊಳ್ಳುವನು. ಹಾಗೆ ಕೇಳಿಬಿಟ್ಟರೆ ಎಂದು ಅದನ್ನು ಬಿಟ್ಟು ಬೇರೆ ಉತ್ತರ ಹುಡುಕುವನು. ಕೈಯಲ್ಲಿ ತುತ್ತು ಹಿಡಿದವನು ಹಿಡಿದೇ ಇರುವನು.

ಸುದ್ದಿ ತಿಳಿದವರು ಬಂದು ಬುದ್ಧಿ ಹೇಳಿದರು. ಗಡ್ಡ ಬೆಳೆಸಿಕೊಂಡು ಹೋಗು ಎಂದು ಒಬ್ಬ ಹೇಳಿದ. ಅಳುವುದೇ ಒಳ್ಳೆಯದು ಎಂದು ಇನ್ನೊಬ್ಬ ಹೇಳಿದ. ಎದುರುಮನೆಯ ಎಣ್ಣೆ ವ್ಯಾಪಾರಿ ಜಗಲಿಯ ಮೇಲೆ ಕಾಲು ಚಾಚಿ ಕೂತು, “ಅಲ್ಲಿ ಒಂದೆರಡು ಸಲ ಬಿದ್ದುಬಿಡಯ್ಯ. ಕಂಡವರಿಗೆ ನಂಬಿಕೆ ಬರುತ್ತದೆ” ಎಂದ.

“ಬೀಳುವುದನ್ನು ಅವನಿಗೆ ನೀವೇನೂ ಕಲಿಸಬೇಕಾಗಿಲ್ಲ. ನಿಲ್ಲುವುದು ಗೊತ್ತಿದ್ದರೆ ಕಲಿಸಿ” ಎಂದು ಅಕ್ಕ ಒಳಗಿನಿಂದಲೇ ಹೇಳಿದಳು. ವ್ಯಾಪಾರಿ ಕಾಲು ಮಡಿಸಿಕೊಂಡು ಎದ್ದುಹೋದ.

ನೇಕಾರ ಸುಳ್ಳನಲ್ಲ. ಇಲ್ಲದ ಕುಂಟು ಕುಂಟುವುದು ಅವನಿಂದ ಆಗದ ಮಾತು. ಆದರೆ ಅವನಿಗೆ ಇನ್ನೊಂದು ರೂಢಿಯಿತ್ತು. ಎಳೆ ಕಡಿಯದ ಮಗ್ಗವಿಲ್ಲ. ಕಡಿದಲ್ಲಿ ಗಂಟು ಹಾಕಿ ನೇಕಾರರು ಮುಂದೆ ನೇಯುತ್ತಾರೆ. ಸಂತೆಗೆ ಒಯ್ಯುವಾಗ ಆ ಗಂಟುಗಳು ಒಳಮಡಿಕೆಗೆ ಬರುವಂತೆ ಬಟ್ಟೆಯನ್ನು ಮಡಿಸುತ್ತಾರೆ. ಅದನ್ನು ಯಾರೂ ಮೋಸವೆನ್ನುವುದಿಲ್ಲ, ಕಸುಬಿನ ಮರ್ಯಾದೆಯೆನ್ನುತ್ತಾರೆ. ನಲವತ್ತು ವರ್ಷ ಹಾಗೆ ಮಡಿಸಿದ ಕೈ ಅದು. ದೊಡ್ಡವರ ಮುಂದೆ ಹೋಗಬೇಕಾದಾಗ ಅವನು ತನ್ನನ್ನೂ ಹಾಗೆಯೇ ಮಡಿಸತೊಡಗಿದ.

ಹೇಳಬೇಕಾದದ್ದನ್ನು ಅವನು ಹತ್ತೊಂಬತ್ತು ಮಾತು ಮಾಡಿಕೊಂಡ. ಮಾತಿಗೊಂದರಂತೆ ಹತ್ತೊಂಬತ್ತು ಹುಣಿಸೆಬೀಜ ಸಾಲಾಗಿ ಇಟ್ಟ. ಒಂದು ಮಾತು ಹೇಳಿ ಒಂದು ಬೀಜ ಸರಿಸುವನು. ನಡುವೆ ತಡವರಿಸಿದರೆ ಎಲ್ಲವನ್ನೂ ಹಿಂದಕ್ಕೆ ತಂದು ಮೊದಲಿನಿಂದ ಹೇಳುವನು. ಒಳ್ಳೆಯ ದಿನಗಳೆಲ್ಲ ಅದಕ್ಕೇ ಮುಗಿದವು. ನೂಲು ಸುತ್ತುವುದು ನಿಂತಿತು. ಮೊದಮೊದಲು ಅವನ ದನಿ ನಡುಗುತ್ತಿತ್ತು. ನಾಲ್ಕನೆಯ ವಾರಕ್ಕೆ ನಡುಕ ಹೋಯಿತು. ಐದನೆಯ ವಾರಕ್ಕೆ ಅವನು ಬೇರೆ ಯಾರದೋ ಕಷ್ಟ ಹೇಳುತ್ತಿರುವಂತೆ ಕೇಳಿಸುತ್ತಿತ್ತು.

ಅಕ್ಕ ಅದನ್ನು ಗಮನಿಸಿದಳು. ಒಂದು ದಿನ ಅವನ ಮುಂದೆ ಬಂದು ಕೂತು, ಹತ್ತೊಂಬತ್ತರಲ್ಲಿ ಬಚ್ಚಲಿನಲ್ಲಿ ಬಿದ್ದದ್ದು ಯಾವ ಬೀಜ ಎಂದು ಕೇಳಿದಳು. ಅದು ಯಾವುದರಲ್ಲೂ ಇರಲಿಲ್ಲ. ತಾನು ಅವನಿಗೆ ಸೊಂಟಕ್ಕೆ ಬಟ್ಟೆ ಸುತ್ತಿಕೊಡುವುದು ಯಾವುದರಲ್ಲಿದೆ ಎಂದು ಕೇಳಿದಳು. ಅದೂ ಇರಲಿಲ್ಲ. ಅಂಥದ್ದನ್ನು ದೊಡ್ಡವರ ಮುಂದೆ ಹೇಳುತ್ತಾರೆಯೇ ಎಂದು ನೇಕಾರ ನಾಚಿಕೊಂಡ. ಹಾಗಾದರೆ ಅಲ್ಲಿಗೆ ಏನು ಹೇಳಲು ಹೋಗುತ್ತೀಯ ಎಂದು ಅವಳು ಕೇಳಿದಳು. ಅವನಿಗೆ ಸಿಟ್ಟು ಬಂತು. ಬೀಜಗಳ ಸಾಲು ಕೆಡಿಸಬೇಡ ಎಂದ. ಅವಳಿಗೂ ಆಯಾಸವಾಗಿತ್ತು. ಎದ್ದು ಒಲೆಯ ಕಡೆ ಹೋದಳು.

ಹೊರಡುವ ಮುಂಚೆ ಮೂರು ದಿನ ಅವನು ಅಲುಗಾಡದೆ ಮಲಗಿದ. ಇರುವ ಶಕ್ತಿಯನ್ನೆಲ್ಲ ಆ ಒಂದು ಹೊತ್ತಿಗೆ ಕೂಡಿಡಬೇಕಾಗಿತ್ತು. ಗಾಡಿಯಲ್ಲಿ ಎರಡು ದಿನದ ದಾರಿ. ಅಕ್ಕ ಜೊತೆಗೆ ಬಂದಳು. ಛತ್ರದಲ್ಲಿ ಅವಳು ಅವನ ಮುಖ ತೊಳೆಸಿ, ತಲೆ ಬಾಚಿ, ತನ್ನ ಕೈಯಾರೆ ಪಂಚೆ ಉಡಿಸಿದಳು. ಕೈ ಸೋಲುವ ಮೊದಲು ಅವನೇ ನೇಯ್ದ ಪಂಚೆ ಅದು. ಕೊಳೆಯ ಬಟ್ಟೆಯಲ್ಲಿ ಹೋಗೋಣವೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹಾಗೆ ಹೋಗುವ ಜನ ಅವರಲ್ಲ.

ಚಾವಡಿಯ ಬಾಗಿಲಲ್ಲಿ ನೇಕಾರ ತನ್ನ ಮೊದಲ ಮಾತನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದುದರಿಂದ ಬಾಗಿಲು ಕಾಯುವವನು ಹೆಸರು ಕರೆದದ್ದು ಅವನಿಗೆ ಕೇಳಿಸಲಿಲ್ಲ. ಅಕ್ಕ ಬೆನ್ನು ಮುಟ್ಟಿ ಕಳುಹಿಸಿದಳು. ಅವಳು ಹೊರಗೇ ನಿಲ್ಲಬೇಕಾಗಿತ್ತು. ಬಾಗಿಲು ತೆರೆದೇ ಇದ್ದುದರಿಂದ ಮಾತು ಕೇಳಿಸುತ್ತಿತ್ತು.

ಒಳಗಿದ್ದ ಅಧಿಕಾರಿ ಕೆಟ್ಟವನಲ್ಲ. ಆ ದಿನ ಅವನ ಮುಂದೆ ಇಪ್ಪತ್ತಾರು ಮನವಿಗಳಿದ್ದವು. ಇದು ಹದಿನೇಳನೆಯದು. ಅವನ ಕಣ್ಣು ಕೆಂಪಾಗಿತ್ತು. ಆದರೂ ಅವನು ತಲೆಯೆತ್ತಿ ನೋಡಿದ. ಪಕ್ಕದಲ್ಲಿ ಬರೆಯುವವನು ಲೇಖನಿ ಹಿಡಿದು ಕೂತಿದ್ದ.

“ಹೇಗಿದ್ದೀಯಪ್ಪಾ?” ಎಂದು ಅಧಿಕಾರಿ ಕೇಳಿದ.

“ತಮ್ಮ ಆಶೀರ್ವಾದ. ಚೆನ್ನಾಗಿದ್ದೇನೆ ಸ್ವಾಮಿ” ಎಂದು ನೇಕಾರ ಹೇಳಿದ.

ಹಿರಿಯರು ಹಾಗೆ ಕೇಳಿದಾಗಲೆಲ್ಲ ಅವನು ಮಾತು ಬಂದಾಗಿನಿಂದ ಹೇಳಿದ್ದು ಅದನ್ನೇ. ಅವನ ಅಪ್ಪನೂ ತಾನು ಸಾಯುವ ದಿನ ನೋಡಲು ಬಂದವರಿಗೆ ಅದನ್ನೇ ಹೇಳಿದ್ದ. ಬರೆಯುವವನು ಅದನ್ನು ಬರೆದುಕೊಂಡ. ಹೊರಗೆ ಅಕ್ಕ ಹಣೆಗೆ ಕೈಯಿಟ್ಟುಕೊಂಡಳು.

ಆಮೇಲೆ ನೇಕಾರ ತನ್ನ ಹತ್ತೊಂಬತ್ತು ಮಾತು ಹೇಳಿದ. ಬೀಜಗಳು ಕೈಯಲ್ಲಿರಲಿಲ್ಲ, ಬೇಕಾಗಲೂ ಇಲ್ಲ. ಒಂದು ಮಾತೂ ಹಿಂದುಮುಂದಾಗಲಿಲ್ಲ. ದನಿ ನಡುಗಲಿಲ್ಲ. ಸೋತ ಕೈಯನ್ನು ಉತ್ತರೀಯದ ಕೆಳಗೆ ಇಟ್ಟುಕೊಂಡಿದ್ದ. ದೊಡ್ಡವರ ಮುಂದೆ ಅದನ್ನು ತೂಗಾಡಿಸುವುದು ಅವನಿಗೆ ಸರಿ ಕಾಣಲಿಲ್ಲ. ಆರನೆಯ ಮಾತಿಗೆ ಕಣ್ಣು ಕತ್ತಲೆಗಟ್ಟತೊಡಗಿತು. ಅವನು ನೆಲದ ಮೇಲಿನ ಒಂದು ಗೆರೆಯನ್ನು ದಿಟ್ಟಿಸಿ ನಿಂತುಕೊಂಡ. ಹನ್ನೊಂದನೆಯ ಮಾತಿಗೆ ಅಧಿಕಾರಿ ಮಣೆ ತೋರಿಸಿ, ಬೇಕಾದರೆ ಕುಳಿತುಕೊಳ್ಳಬಹುದು ಎಂದ. ಪರವಾಗಿಲ್ಲ ಸ್ವಾಮಿ ಎಂದು ನೇಕಾರ ಹೇಳಿದ. ಕುಳಿತರೆ ಮಾತು ಮರೆತುಹೋಗುತ್ತದೆ ಎಂದು ಅವನಿಗೆ ಭಯ. ಬರೆಯುವವನು ಅದನ್ನೂ ಬರೆದುಕೊಂಡ.

ಅಧಿಕಾರಿ ಎಲ್ಲವನ್ನೂ ಕೇಳಿದ. ಬರೆದದ್ದನ್ನು ಒಮ್ಮೆ ಓದಿಸಿದ. ಚೆನ್ನಾಗಿದ್ದೇನೆಂದು ತಾನೇ ಹೇಳಿದವನು, ಮಣೆ ಕೊಟ್ಟರೂ ಒಲ್ಲದೆ ನಿಂತವನು, ಇಷ್ಟು ಹೊತ್ತು ಎಡವದೆ ಮಾತಾಡಿದವನು ಕಸುಬು ಮಾಡಲಾರ ಎಂದು ನಾನು ಹೇಗೆ ಬರೆಯಲಿ ಎಂದು ನೇಕಾರನನ್ನೇ ಕೇಳಿದ. ನಿಜವಾಗಿ ಉತ್ತರ ಬೇಕೆಂದೇ ಕೇಳಿದ.

ಆ ಪ್ರಶ್ನೆಗೆ ಬೀಜವಿರಲಿಲ್ಲ. ಅಧಿಕಾರಿ ಕಾದ. ಕೊನೆಗೆ ಕೈಮುಗಿಯಬೇಕೆಂದು ನೇಕಾರನಿಗೆ ತೋಚಿತು. ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡು ಜೋಡಿಸಿ ಮುಗಿದ. ಅಷ್ಟು ಹೊತ್ತಿಗೆ ಅಧಿಕಾರಿ ಓಲೆಯ ಕಡೆ ಬಗ್ಗಿದ್ದ. ‘ಒಪ್ಪಿಗೆಯಿಲ್ಲ’ ಎಂದು ಬರೆದು ಮುದ್ರೆ ಒತ್ತಿಸಿದ.

ನೇಕಾರ ಹೊಸ್ತಿಲು ದಾಟಿದ. ಎರಡು ಹೆಜ್ಜೆ ನಡೆದ. ಮೂರನೆಯದಕ್ಕೆ ಕಾಲು ಬರಲಿಲ್ಲ. ಜಗಲಿಯ ಕಂಬಕ್ಕೆ ತಲೆ ಬಡಿದು ಬಿದ್ದ. ಅಕ್ಕ ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಾಗಿಲು ಕಾಯುವವನು ನೀರು ತಂದ. ಅವನಿಗೂ ಕನಿಕರವಾಯಿತು.

“ಈಗ ನಿಮ್ಮ ಸ್ವಾಮಿಗಳನ್ನು ಕರೆಯಿರಿ. ಈಗ ನೋಡಲಿ” ಎಂದು ಅಕ್ಕ ಹೇಳಿದಳು.

“ತಾಯಿ, ಹದಿನೆಂಟನೆಯವನು ಒಳಗೆ ಹೋಗಿಯಾಯಿತು” ಎಂದು ಅವನು ಹೇಳಿದ.

ಅವನು ಒಳಗೆ ಹೋಗಿ ಬರೆಯುವವನ ಕಿವಿಯಲ್ಲಿ ಹೇಳಿಯೂ ನೋಡಿದ. ಮುದ್ರೆ ಬಿದ್ದ ಮೇಲೆ ವಿಚಾರಣೆಯ ಹೊರಗೆ ನಡೆದದ್ದು ಲೆಕ್ಕಕ್ಕಿಲ್ಲ ಎಂದು ಬರೆಯುವವನು ತಲೆಯೆತ್ತದೆ ಹೇಳಿ ಕಳುಹಿಸಿದ. ಇನ್ನು ಒಂದು ವರ್ಷ ಆ ಚಾವಡಿಗೆ ಅವರು ಬರುವಂತಿರಲಿಲ್ಲ.

ಮಧ್ಯಾಹ್ನದ ಮೇಲೆ ಗಾಡಿ ಊರಿನ ಕಡೆ ತಿರುಗಿತು. ನೇಕಾರ ಹುಲ್ಲಿನ ಮೇಲೆ ಮಲಗಿದ್ದ. ಕೂಲಿಗೆ ಯಾರ ಮನೆಗೆ ಹೋಗುವುದು, ಯಾರು ಈ ವಯಸ್ಸಿನವಳನ್ನು ಕರೆಯುತ್ತಾರೆ ಎಂದು ಅಕ್ಕ ಮನಸ್ಸಿನಲ್ಲೇ ಒಂದೊಂದು ಮನೆ ನೆನೆಯುತ್ತಿದ್ದಳು. ಬಹಳ ದೂರ ಬಂದ ಮೇಲೆ ಅವನು ಕಣ್ಣು ತೆರೆದ.

“ಅಕ್ಕಾ, ನಾನು ಒಂದು ಮಾತೂ ಬಿಡಲಿಲ್ಲ ಅಲ್ಲವೇ?”

“ಬಿಡಲಿಲ್ಲ ತಮ್ಮಾ. ಎಲ್ಲವನ್ನೂ ಹೇಳಿದೆ” ಎಂದು ಅವಳು ಹೇಳಿದಳು. ಅವನ ಸೋತ ಕೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡು ಮೆಲ್ಲಗೆ ತಿಕ್ಕುತ್ತಾ ಕೂತಳು. ಅವಳು ತಿಕ್ಕುತ್ತಿರುವುದು ಅವನಿಗೆ ತಿಳಿಯಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ನೇಕಾರ ಸಿದ್ಧನಾದದ್ದೇ ತಪ್ಪಾಯಿತೇ ಎಂದು ಶಿಷ್ಯ ಕೇಳಿದ. ತಪ್ಪಲ್ಲ, ಭಯವಿರುವವನು ಸಿದ್ಧನಾಗದೆ ಇನ್ನೇನು ಮಾಡಿಯಾನು ಎಂದು ಗುರುಗಳು ಹೇಳಿದರು. ಹಾಗಾದರೆ ಅಧಿಕಾರಿಯದು ತಪ್ಪೇ ಎಂದು ಶಿಷ್ಯ ಕೇಳಿದ. ಅವನೂ ತಿಳಿಯಬೇಕೆಂದೇ ಕೇಳಿದ, ಆದರೆ ಹೇಗಿದ್ದೀಯ ಎಂದು ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆಯನ್ನು ಮೊದಲು ಕೇಳಿಬಿಟ್ಟ ಎಂದು ಗುರುಗಳು ಹೇಳಿದರು.

“ಹಾಗಿದ್ದರೆ ಗುರುಗಳೇ, ಆ ಅಧಿಕಾರಿ ಏನೆಂದು ಕೇಳಬೇಕಿತ್ತು?” ಎಂದು ಶಿಷ್ಯ ಕೇಳಿದ. ಅವನ ದನಿ ಸಮವಾಗಿತ್ತು. ಒಂದು ಮಾತೂ ತಡವರಿಸಲಿಲ್ಲ.

ಗುರುಗಳು ಓಲೆಯ ಕಟ್ಟನ್ನು ಪಕ್ಕಕ್ಕಿಟ್ಟು ಅವನ ಮುಖವನ್ನು ನೋಡಿದರು.

“ನೀನು ನಿದ್ದೆ ಮಾಡಿ ಎಷ್ಟು ದಿನವಾಯಿತು, ಮಗು?”