ಹೊಂಬಾಳಮ್ಮ ತೆಗೆದ ಹಗೇವು

ಒಂದಾನೊಂದು ಕಾಲದಲ್ಲಿ, ಪಟ್ಟಣದ ಕಾರ್ಖಾನೆ ಹೊಗೆ ಹೊಲಕ್ಕೆಲ್ಲ ಕಾಣೋಕೆ ಶುರುವಾಗಿದ್ದ ಕಾಲದಲ್ಲಿ, ಪಕ್ಕದ ಹಳ್ಳೀಲಿ ಹೊಂಬಾಳಮ್ಮ ಅಂತ ಒಬ್ಬ ಸೊಸೆ ಇದ್ದಳಂತೆ. ಆ ಮನೆಯೋರು ತಾವು ಉಣ್ಣೋಕೆ ಎಷ್ಟು ಬೇಕೋ ಅಷ್ಟು ರಾಗಿ ಬೆಳೆಯೋರು, ಹೊಲದ ಬದುವಲ್ಲೇ ಹಗೇವು ಅಂತ ಆಳದ ಗುಂಡಿ ತೋಡಿ, ಅದರಲ್ಲಿ ತುಂಬಿ, ಮೇಲೆ ಮಣ್ಣೆಳೆದುಬಿಡೋರು. ಬೆಳೆ ಹೇಗೆ ಅಂತ ಯಾರು ಕೇಳಿದ್ರೂ ಚೆನ್ನಾಗಿದೆ ಅನ್ನೋ ಹಾಗಿಲ್ಲ, ಕಣ್ಣು ತಾಗುತ್ತಲ್ಲ, ಏನೂ ಇಲ್ಲ ಅನ್ನಬೇಕು. ಅದು ಅವರ ರೂಢಿ. ಹೂಂ ಅನ್ನು ಮಗಾ.

ಆಮೇಲೆ ಕಾರ್ಖಾನೆಗೆ ಜಾಗ ಸಾಲದೇ ಹೋಯ್ತಂತೆ. ಬೀಳು ನೆಲ ತಗೊಳ್ಳಿ, ಜನ ಉಣ್ಣೋ ನೆಲ ಮುಟ್ಟಬೇಡಿ ಅಂದನಂತೆ ರಾಜ. ಕಾರ್ಖಾನೆ ಗುಮಾಸ್ತ ಬೇಸಿಗೇಲಿ, ಹೊಲ ಬೋಳಾಗಿದ್ದಾಗಲೇ ಬಂದ, ಕಳ್ಳ! ಏನು ಬೆಳೀತೀರಿ ಅಂತ ಮಾವನ್ನ ಕೇಳಿದ. ಏನೂ ಇಲ್ಲ ಸ್ವಾಮಿ ಅಂದ ಮಾವ. ಆಮೇಲೆ ಭಾವನ್ನ ಕೇಳಿದ, ಹಕ್ಕಿಗೂ ಸಾಲಲ್ಲ ಅಂದ ಭಾವ. ಆಮೇಲೆ ಗಂಡನ್ನ ಕೇಳಿದ, ಅವನೂ ತಲೆ ಕೆರ್ಕೊಂಡು ಬರೀ ಕಲ್ಲು ಅಂದ. ಗುಮಾಸ್ತ ಅಷ್ಟನ್ನೂ ಬರ್ಕೊಂಡು, ಇದು ಬೀಳು ಅಂತ ಸುತ್ತ ಕೆಂಪು ಗೂಟ ಹೊಡೆದು ಹೋದನಂತೆ. ಅದೇ ಹೊಲದ ರಾಗಿ ಅಂಬಲಿ ಎರಡು ಚೊಂಬು ಕುಡಿದು ಬರ್ಕೊಂಡ ಕಣೋ, ಅವನ ಬಾಯಿಗೆ ಮಣ್ಣು ಬೀಳ!

ಆಮೇಲೆ ಆ ಕಾಗದಕ್ಕೆ ಮುದ್ರೆ ಒತ್ತೋ ಮುಂಚೆ ರಾಜನೇ ಗುಮಾಸ್ತನ್ನ ಕರ್ಕೊಂಡು ನೋಡೋಕೆ ಬಂದನಂತೆ. ಇಲ್ಲಿ ಏನೂ ಬೆಳೆಯಲ್ವಾ ಅಂದ. ಹೊಲ ಹೋಗೋ ಹೊತ್ತಲ್ಲೂ ಮಾವನ ನಾಲಿಗೆ ರೂಢಿ ಬಿಡಲಿಲ್ಲ, ಏನಿದೆ ಮಹಾಸ್ವಾಮಿ ಅಂತ ಕೈ ಹಿಸುಕಿದ. ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯ್ತು. ಕಣ್ಣು ತಾಗಿದ್ರೆ ತಾಗಲಿ ಅಂತ ಗುದ್ದಲಿ ಹಿಡಿದು ಒಂದು ಹಗೇವು ತೆಗೆದಳು, ರಾಗಿ. ಎರಡನೇದು ತೆಗೆದಳು, ರಾಗಿ. ಮೂರನೇದರಲ್ಲೂ ಬಾಯಿಮಟ್ಟ ರಾಗಿ! ಅತ್ತೆ ಹೆದರಿ ಕಿವಿ ಮುಚ್ಕೊಂಡ್ರೂ ಬಿಡದೆ ಕೂಗಿದಳಂತೆ, ಹನ್ನೊಂದು ಜನ ವರ್ಷವೆಲ್ಲ ಇದನ್ನೇ ಉಣ್ತೀವಿ, ಈ ಗುಮಾಸ್ತ ಕುಡಿದದ್ದೂ ಇದನ್ನೇ, ಜಂಬ ಕೊಚ್ಕೊಳ್ಳಲಿಲ್ಲ ಅಂತ ನಮ್ಮ ಅನ್ನ ಕಿತ್ಕೋತೀರಾ?

ರಾಜ ಕಾಗದ ಹರಿದುಹಾಕಿ, ಗೂಟ ನೀನೇ ಕೀಳು ಅಂದನಂತೆ ಗುಮಾಸ್ತನಿಗೆ. ಹೊಂಬಾಳಮ್ಮ ಒಂದು ಗೂಟ ಮಾತ್ರ ಉಳಿಸ್ಕೊಂಡು, ಸುಣ್ಣದ ಬೊಟ್ಟಿಟ್ಟ ಹಳೇ ಮಡಕೆ ಅದಕ್ಕೆ ಕವುಚಿ, ದೃಷ್ಟಿಬೊಂಬೆ ಮಾಡಿ ಹೊಲದ ನಡುವೆ ನಿಲ್ಲಿಸಿದಳಂತೆ. ಆ ವರ್ಷ ರಾಗಿ ಸೊಂಟದ ಮಟ್ಟ ಬಂತು, ಎಲ್ಲರೂ ಹೊಟ್ಟೆ ತುಂಬ ಉಂಡು ಸುಖವಾಗಿದ್ರು. ಬೆಳೆ ಹೇಗೆ ಅಂದ್ರೆ ಮಾವ ಆಮೇಲೂ ಏನೂ ಇಲ್ಲ ಅಂತಿದ್ದನಂತೆ. ಕಾಗದ ಹಿಡಿದು ಬಂದೋರು ಕೇಳಿದ್ರೆ ಮಾತ್ರ, ನಮ್ಮ ಸೊಸೇನ ಕೇಳಿ ಅಂತಿದ್ದನಂತೆ. ಕತೆ ಇಲ್ಲಿಗೆ ಮುಗೀತು, ಕಣ್ಮುಚ್ಚು ಮಗಾ.